ನೆಟ್‌ವರ್ಕ್ ಸ್ವಿಚ್‌ಗೂ ಬೇಕು ಒಂದು ಪುಣೇರಿ ಪಾಟಿ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ 'ಪುಣೇರಿ ಪಾಟಿ'ಗಳನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಗೇಟಿನ ಮುಂದೆ ವಾಹನ ನಿಲ್ಲಿಸಬಾರದು, ಮಧ್ಯಾಹ್ನದ ಹೊತ್ತು ಕರೆಗಂಟೆ ಒತ್ತಬಾರದು ಎಂದು ಪೇಠೆಗಳ ಹಳೆಯ ಮನೆಗಳ ಫಲಕಗಳು ಬಂದವರಿಗೆ ನೇರವಾಗಿಯೇ ತಿಳಿಸುತ್ತವೆ. ಗಣಕಯಂತ್ರ ಜಾಲದ ಬಾಗಿಲಿಗೂ ಇಂಥದೊಂದು ಫಲಕವುಂಟು. ಅದನ್ನು 'ಲಾಗಿನ್ ಬ್ಯಾನರ್' ಎನ್ನುತ್ತಾರೆ.

ಹಲವು ಗಣಕಯಂತ್ರಗಳನ್ನು ತಂತಿಗಳ ಮೂಲಕ ಒಂದೆಡೆ ಜೋಡಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಮನೆಗಳಲ್ಲಿ ಬಳಸುವ ಅಗ್ಗದ ಸ್ವಿಚ್‌ಗಳಿಗೆ ಸಾಮಾನ್ಯವಾಗಿ ಲಾಗಿನ್ ಇರುವುದಿಲ್ಲ. ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ಸ್ವಿಚ್‌ಗಳನ್ನಾದರೋ ಪಾಸ್‌ವರ್ಡ್ ನೀಡಿ ಪ್ರವೇಶಿಸಿ ನಿರ್ವಹಿಸಬೇಕು. ಹಾಗೆ ಬಂದವರಿಗೆ ಮೊದಲು ಕಾಣಿಸುವ ಎಚ್ಚರಿಕೆಯ ಬರಹವೇ ಈ ಬ್ಯಾನರ್.

ಫಲಕ ಕಂಡು ಕಳ್ಳ ಹಿಂದಿರುಗುವನೇ ಎಂದು ಓದುಗರು ಕೇಳಬಹುದು. ಹಿಂದಿರುಗಲಾರ. ಫಲಕವು ಬೀಗವಲ್ಲ. ಅದು ಮುಖ್ಯವಾಗಿ ಉದ್ದೇಶಿಸುವುದು ಕೀಲಿ ಕೈಯಲ್ಲಿರುವವನನ್ನು. ಅಂದರೆ ಕೆಲಸ ಬಿಟ್ಟರೂ ಪಾಸ್‌ವರ್ಡ್ ಮರೆಯದವನನ್ನು, ತನಗೆ ಸಂಬಂಧಿಸದ ಕಡೆ ಕೈಯಾಡಿಸುವವನನ್ನು. 2005ರಲ್ಲಿ ನಮ್ಮ ಪುಣೆಯಲ್ಲೇ ಎಂಫಸಿಸ್ ಕಾಲ್ ಸೆಂಟರ್ ಪ್ರಕರಣ ದೇಶದ ಗಮನ ಸೆಳೆಯಿತು. ಅಮೆರಿಕದ ಸಿಟಿಬ್ಯಾಂಕ್ ಗ್ರಾಹಕರ ಪಿನ್ ಸಂಖ್ಯೆಗಳನ್ನು ಪಡೆದು ಸುಮಾರು ಒಂದೂವರೆ ಕೋಟಿ ರೂಪಾಯಿ ವರ್ಗಾಯಿಸಿದ ಆರೋಪದ ಮೇಲೆ ಅಲ್ಲಿ ಕೆಲಸ ಮಾಡಿದ್ದ ಕೆಲವರು ಬಂಧಿತರಾದರು. ಬ್ಯಾನರ್ ಅದನ್ನು ತಡೆಯುತ್ತಿರಲಿಲ್ಲ, ನಿಜ. ಆದರೆ ಕೀಲಿ ಇದ್ದ ಮಾತ್ರಕ್ಕೆ ಅನುಮತಿ ಇದ್ದಂತಲ್ಲ ಎಂಬ ಪಾಠವನ್ನು ಆ ಪ್ರಕರಣ ಕಲಿಸಿತು. ಬ್ಯಾನರ್ ಹೇಳುವುದೂ ಅದನ್ನೇ.

ಕಾನೂನು ಕೂಡ ಅನುಮತಿಯ ಪ್ರಶ್ನೆಯನ್ನೇ ಎತ್ತುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮು ಒಡೆಯನ ಅನುಮತಿಯಿಲ್ಲದೆ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದನ್ನು ಕುರಿತದ್ದು. ಅದನ್ನೇ ಅಪ್ರಾಮಾಣಿಕವಾಗಿ ಮಾಡಿದರೆ 66ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಒದಗಬಹುದು. 'ನನಗೆ ತಿಳಿದಿರಲಿಲ್ಲ' ಎಂಬ ನೆಪವನ್ನು ಬ್ಯಾನರ್ ದುರ್ಬಲಗೊಳಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಬಂದವರು ಒತ್ತುವ ಕೀಲಿಗಳನ್ನು ದಾಖಲಿಸಿಕೊಳ್ಳುವ ಸಂಸ್ಥೆಗಳು ಆ ವಿಷಯವನ್ನು ಮೊದಲೇ ಬ್ಯಾನರ್‌ನಲ್ಲಿ ತಿಳಿಸಬೇಕೆಂದು ಅಮೆರಿಕದ 'ಸರ್ಟ್' ಸಂಸ್ಥೆ ಅಲ್ಲಿನ ನ್ಯಾಯ ಇಲಾಖೆಯ ಸಲಹೆಯಂತೆ 1992ರ ಡಿಸೆಂಬರ್‌ನಲ್ಲಿ ಸೂಚಿಸಿತ್ತು. ಹೇಳದೆ ಕಣ್ಣಿಡುವುದು ಸಲ್ಲದೆಂಬುದು ಇದರ ತಾತ್ಪರ್ಯ.

ಸಿಸ್ಕೋ ಸ್ವಿಚ್‌ಗಳಲ್ಲಿ ಇದನ್ನು ಅಳವಡಿಸುವುದು ಕೆಲವೇ ನಿಮಿಷಗಳ ಕೆಲಸ. ನಿರ್ವಾಹಕರು 'ಕಾನ್ಫಿಗರ್ ಟರ್ಮಿನಲ್' ಆದೇಶ ಕೊಟ್ಟು, 'ಬ್ಯಾನರ್ ಲಾಗಿನ್' ಎಂದು ಬರೆದು, # ದಂಥ ಒಂದು ಚಿಹ್ನೆಯ ನಂತರ ಸಂದೇಶವನ್ನು ಬರೆಯಬೇಕು. ಅದೇ ಚಿಹ್ನೆಯಿಂದ ಮುಗಿಸಬೇಕು. ಆ ಚಿಹ್ನೆ ನಡುವೆ ಬಂದರೆ ಸಂದೇಶ ಅಲ್ಲಿಗೇ ತುಂಡಾಗುತ್ತದೆ. ಕೊನೆಯಲ್ಲಿ ಬದಲಾವಣೆಯನ್ನು ಉಳಿಸಲೇಬೇಕು; ಇಲ್ಲವಾದರೆ ವಿದ್ಯುತ್ ಹೋಗಿ ಬಂದಾಗ ಬ್ಯಾನರ್ ಇರುವುದಿಲ್ಲ. ಹೊರಬಂದು, ಮತ್ತೊಮ್ಮೆ ಲಾಗಿನ್ ಮಾಡಿ ಪರೀಕ್ಷಿಸುವುದು ಉತ್ತಮ. 'ಎಂಓಟಿಡಿ' ಎಂಬ ಇನ್ನೊಂದು ಬ್ಯಾನರ್ ಉಂಟು. ದುರಸ್ತಿಯ ವೇಳೆಯಂತಹ ತಾತ್ಕಾಲಿಕ ಸೂಚನೆಗಳಿಗೆ ಅದು ಅನುಕೂಲ.

ಬರಹ ಹೇಗಿರಬೇಕು? 'ಇದು ಖಾಸಗಿ ವ್ಯವಸ್ಥೆ. ಅಧಿಕೃತರಿಗೆ ಮಾತ್ರ ಪ್ರವೇಶ. ಇಲ್ಲಿನ ಚಟುವಟಿಕೆಗಳನ್ನು ದಾಖಲಿಸಲಾಗುತ್ತದೆ. ಉಲ್ಲಂಘಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು' ಎಂಬರ್ಥದ ನಾಲ್ಕು ವಾಕ್ಯಗಳು ಸಾಕು. ಅತಿಥಿ ಸತ್ಕಾರ ನಮ್ಮ ಸಂಸ್ಕೃತಿಯಾದರೂ ಇಲ್ಲಿ 'ಸುಸ್ವಾಗತ' ಬೇಡ. ಅದು ಆಹ್ವಾನದಂತೆ ತೋರೀತು. ಸ್ವಿಚ್‌ನ ಮಾದರಿ, ತಂತ್ರಾಂಶದ ಆವೃತ್ತಿ, ನಿರ್ವಾಹಕರ ಹೆಸರುಗಳೂ ಬೇಡ. ಅವು ಕಳ್ಳನಿಗೆ ದಾರಿ ತೋರಿಸುತ್ತವೆ.

ತಾವು ಯಾವುದಾದರೂ ಶಾಲೆ, ಸಹಕಾರಿ ಸಂಘ ಅಥವಾ ವಸತಿ ಸಂಕೀರ್ಣದ ಸಮಿತಿಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ನಿರ್ವಾಹಕರಿಗೆ ಎರಡು ಪ್ರಶ್ನೆ ಕೇಳಿರಿ: ನಮ್ಮ ಸ್ವಿಚ್‌ಗೆ ಬ್ಯಾನರ್ ಇದೆಯೇ? ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ರದ್ದಾಗಿದೆಯೇ?