ಲಿಫ್ಟ್ ಏಳಲಿಲ್ಲ, ಎಣ್ಣಿ ಬೆಳ್ಳಗಾಗಿತ್ತು

ಜತ್ತ: ಹಿಂಗಾರಿ ಜೋಳದ ಬಿತ್ತನೆಗೆ ನಿಂತ ದಿನ ನಮ್ಮ ಟ್ರ್ಯಾಕ್ಟರಿನ ಲಿಫ್ಟ್ ಕೂರಿಗೆಯನ್ನು ಎತ್ತಲೇ ಇಲ್ಲ. ಹೊಲದ ಹಸಿ ಆರುತ್ತಿತ್ತು. ಪಂಪೇ ಹೋಯಿತೆಂದು ಎದೆ ಧಸಕ್ಕೆಂದಿತು. ಮಿಸ್ತ್ರಿ ಡಿಪ್‌ಸ್ಟಿಕ್ ಎಳೆದು, "ಅಣ್ಣಾ, ಎಣ್ಣಿ ಹಾಲಿನಂಗ ಬೆಳ್ಳಗಾಗೇತಿ. ಒಳಗ ನೀರ ಹೊಕ್ಕೇತಿ" ಎಂದ. ಮಳೆಗಾಲವೆಲ್ಲ ಗಾಡಿ ಬಯಲಲ್ಲೇ ನಿಂತಿತ್ತು, ತಪ್ಪು ನನ್ನದೇ.

ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಲಿಫ್ಟ್ ಇಳಿಸಿ, ಇಂಜಿನ್ ನಿಲ್ಲಿಸಿ, ತಳದ ಬೋಲ್ಟ್ ಬಿಚ್ಚಿದೆವು. ಜಾಲರಿ ರಾಡಿಯಿಂದ ಮುಚ್ಚಿತ್ತು. ಅದನ್ನು ತೊಳೆದು, ಫಿಲ್ಟರ್ ಬದಲಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಗುರುತಿನವರೆಗೆ ತುಂಬಿದೆವು. ಲಿಫ್ಟನ್ನು ನಾಲ್ಕೈದು ಸಲ ಏರಿಳಿಸಿ ಗಾಳಿ ಹೊರಹಾಕಿ, ಮತ್ತೆ ಮಟ್ಟ ನೋಡಿದೆವು.

"ಸಿಕ್ಕ ಎಣ್ಣಿ ಸುರೀಬ್ಯಾಡ್ರಿ. ನಿಮ್ಮ ಗಾಡ್ಯಾಗ ಗೇರು, ಬ್ರೇಕಿಗೂ ಇದೇ ಎಣ್ಣಿ" ಎಂದು ಮಿಸ್ತ್ರಿ ಎಚ್ಚರಿಸಿದ.

ಕೂರಿಗೆ ಎದ್ದಿತು. ಹಸಿ ಆರುವ ಮೊದಲೇ ಬಿತ್ತಿದೆವು. ಗಾಡಿಗೀಗ ತಗಡಿನ ಚಪ್ಪರ ಹಾಕಿಸಿದ್ದೇನೆ.