ಯೇಸುವಿನ ಕೊನೆಯ ವಾರ: ಹಬ್ಬದ ನಗರ, ಅಧಿಕಾರದ ಭಯ, ಶಿಲುಬೆಯ ಮರಣ

ಯೇಸುಕ್ರಿಸ್ತನ ಬದುಕನ್ನೂ ಬೋಧನೆಯನ್ನೂ ನಿರೂಪಿಸುವ ನಾಲ್ಕು ಸುವಾರ್ತೆಗಳು ಅವನ ಕೊನೆಯ ವಾರವನ್ನು ವಿವರಿಸುವಷ್ಟು ವಿಸ್ತಾರವಾಗಿ ಬೇರಾವ ವಾರವನ್ನೂ ವಿವರಿಸುವುದಿಲ್ಲ. ಮಾರ್ಕನ ಸುವಾರ್ತೆಯ 16 ಅಧ್ಯಾಯಗಳಲ್ಲಿ 11ನೆಯದರಿಂದ ಮುಂದಿನವೆಲ್ಲ ಯೆರೂಸಲೇಮಿನ ಆ ಕೆಲವೇ ದಿನಗಳಿಗೆ ಮೀಸಲಾಗಿವೆ. ವಿದ್ವಾಂಸರಲ್ಲಿ ಹೆಚ್ಚಿನವರು ಈ ಘಟನೆಗಳನ್ನು ಕ್ರಿ.ಶ. 30 ಅಥವಾ 33ರ ವಸಂತಕಾಲಕ್ಕೆ ಸೇರಿಸುತ್ತಾರೆ.

ಅದು ಪಸ್ಕ ಹಬ್ಬದ ಸಮಯ. ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದುದನ್ನು ಯೆಹೂದ್ಯರು ಸ್ಮರಿಸುವ ಈ ಹಬ್ಬಕ್ಕೆ ದೂರದೂರದ ಯಾತ್ರಿಕರು ಯೆರೂಸಲೇಮಿಗೆ ಬಂದು ಸೇರುತ್ತಿದ್ದರು. ರೋಮಿನ ಆಳ್ವಿಕೆಯಲ್ಲಿದ್ದ ಜನ ಬಿಡುಗಡೆಯ ನೆನಪಿನಲ್ಲಿ ಒಂದೆಡೆ ನೆರೆಯುವುದು ಅಧಿಕಾರಿಗಳಿಗೆ ಆತಂಕದ ಸಂಗತಿಯಾಗಿದ್ದುದರಿಂದ, ಕಡಲತೀರದ ಕೈಸರೈಯದಲ್ಲಿ ನೆಲೆಸುತ್ತಿದ್ದ ರಾಜ್ಯಪಾಲ ಪೊಂತ್ಯ ಪಿಲಾತನು ಹಬ್ಬದ ದಿನಗಳಲ್ಲಿ ಯೆರೂಸಲೇಮಿಗೆ ಬಂದಿರುತ್ತಿದ್ದನು. ದೇವಾಲಯದ ಮುಖ್ಯಸ್ಥನಾದ ಮಹಾಯಾಜಕ ಕಾಯಫನೂ ರೋಮಿನ ನೇಮಕದಿಂದಲೇ ಆ ಸ್ಥಾನಕ್ಕೆ ಬಂದವನಾಗಿದ್ದು, ನಗರ ಶಾಂತವಾಗಿರಬೇಕೆಂಬ ಒತ್ತಡ ಅವನ ಮೇಲೂ ಇತ್ತು.

ಇಂಥ ನಗರವನ್ನು ಯೇಸು ಕತ್ತೆಯ ಮೇಲೆ ಕುಳಿತು ಪ್ರವೇಶಿಸಿದಾಗ ಜನ ಜಯಘೋಷ ಮಾಡಿದರು. ಕ್ರೈಸ್ತರು ಗರಿಗಳ ಭಾನುವಾರದಂದು ಸ್ಮರಿಸುವುದು ಇದನ್ನೇ. ಬಳಿಕ ಅವನು ದೇವಾಲಯದ ಅಂಗಳದಲ್ಲಿ ನಾಣ್ಯ ವಿನಿಮಯ ಮಾಡುವವರ ಮೇಜುಗಳನ್ನು ಉರುಳಿಸಿದನು. ದೇವಾಲಯದ ತೆರಿಗೆಯನ್ನು ತೂರ್ ನಗರದ ಬೆಳ್ಳಿನಾಣ್ಯದಲ್ಲಿ ಸಲ್ಲಿಸಬೇಕಾಗಿದ್ದುದರಿಂದ ಈ ವಿನಿಮಯ ಆರಾಧನೆಯ ವ್ಯವಸ್ಥೆಗೇ ಸೇರಿದ್ದಾಗಿತ್ತು. ಆದಕಾರಣ ಅವನ ಈ ಕೃತ್ಯ ಕೇವಲ ವ್ಯಾಪಾರಿಗಳಿಗಲ್ಲ, ದೇವಾಲಯದ ಅಧಿಕಾರಕ್ಕೇ ಒಡ್ಡಿದ ಸವಾಲಾಯಿತು.

ಗುರುವಾರ ರಾತ್ರಿ ಯೇಸು ಹನ್ನೆರಡು ಮಂದಿ ಶಿಷ್ಯರೊಂದಿಗೆ ಕೊನೆಯ ಭೋಜನ ಮಾಡಿ, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತನ್ನ ದೇಹ ಮತ್ತು ರಕ್ತವೆಂದು ಹೇಳಿ ಹಂಚಿದನು. ಸುವಾರ್ತೆಗಳನ್ನು ಬರೆದ ಮತ್ತಾಯ, ಮಾರ್ಕ, ಲೂಕರು ಇದನ್ನು ಪಸ್ಕದ ಊಟವೆಂದು ಹೇಳಿದರೆ, ಯೋಹಾನನ ಪ್ರಕಾರ ಪಸ್ಕದ ಊಟಕ್ಕೆ ಮೊದಲೇ ಯೇಸುವಿನ ಮರಣವಾಯಿತು. ಭೋಜನದ ನಂತರ ಎಣ್ಣೆಮರಗಳ ಗುಡ್ಡದ ಗೆತ್ಸೇಮನೆಯಲ್ಲಿ ಅವನು ದುಃಖಾಕ್ರಾಂತನಾಗಿ ಪ್ರಾರ್ಥಿಸುತ್ತಿರಲು, ಶಿಷ್ಯನಾದ ಇಸ್ಕರಿಯೋತ ಯೂದನೇ ಬಂಧಿಸುವವರನ್ನು ಕರೆತಂದನು. ಎಂದಿಗೂ ಕೈಬಿಡೆನೆಂದಿದ್ದ ಮತ್ತೊಬ್ಬ ಶಿಷ್ಯ ಪೇತ್ರನು ಬೆಳಗಾಗುವ ಮೊದಲೇ ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದನು.

ಯಾಜಕರ ಮುಂದೆ ನಡೆದ ವಿಚಾರಣೆಯಲ್ಲಿ ದೇವದೂಷಣೆಯ ಆರೋಪವಿದ್ದರೆ, ಪಿಲಾತನ ಮುಂದೆ ಮುಖ್ಯವಾದುದು ಯೇಸು ತನ್ನನ್ನು ಅರಸನೆಂದುಕೊಂಡನೆಂಬ ರಾಜದ್ರೋಹದ ಆರೋಪ. ಶಿಲುಬೆಗೇರಿಸುವುದು ದಾಸರಿಗೂ ದಂಗೆಕೋರರಿಗೂ ರೋಮನ್ನರು ವಿಧಿಸುತ್ತಿದ್ದ ಶಿಕ್ಷೆಯಾಗಿತ್ತು. ಗೊಲ್ಗೊಥಾ ಎಂಬಲ್ಲಿ ಯೇಸುವಿನ ಶಿಲುಬೆಗೆ ಹಚ್ಚಿದ ಫಲಕದಲ್ಲಿ ಯೆಹೂದ್ಯರ ಅರಸನೆಂದೇ ಬರೆಯಲಾಗಿತ್ತು. ಅರಿಮಥಾಯದ ಯೋಸೇಫನು ಶವವನ್ನು ಬೇಡಿ ಪಡೆದು ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇಟ್ಟನು. ಮೂರನೆಯ ದಿನ ಅದು ಬರಿದಾಗಿದ್ದುದನ್ನು ಮೊದಲು ಕಂಡವರು ಸ್ತ್ರೀಯರು. ಎಂ. ಗೋವಿಂದ ಪೈ ಅವರ ‘ಗೊಲ್ಗೊಥಾ’ ಖಂಡಕಾವ್ಯದಿಂದ ಯೇಸುವಿನ ಅಂತಿಮ ದಿನ ಕನ್ನಡ ಕಾವ್ಯದ ವಸ್ತುವೂ ಆಯಿತು.

ಸುವಾರ್ತೆಗಳ ಹೊರಗೆ, ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪಿಲಾತನ ಹೆಸರುಳ್ಳ ಶಿಲಾಶಾಸನವೊಂದು 1961ರಲ್ಲಿ ಕೈಸರೈಯದಲ್ಲಿ ದೊರೆಯಿತು.

ಹೀಗೆ ಮರಣದಂಡನೆಯ ತೀರ್ಪು ರೋಮಿನ ರಾಜ್ಯಪಾಲನದು, ಅದಕ್ಕೆ ಒತ್ತಾಯಿಸಿದವರು ದೇವಾಲಯದ ಕೆಲವು ಮುಖಂಡರು. ಯೇಸುವೂ ಅವನ ತಾಯಿಯೂ ಶಿಷ್ಯರೂ ಯೆಹೂದ್ಯರೇ ಆಗಿದ್ದರೂ, ಆ ಸಾವಿನ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆಯೇ ಹೊರಿಸಿ ಶತಮಾನಗಳ ಕಾಲ ಯೂರೋಪಿನಲ್ಲಿ ಅವರನ್ನು ಹಿಂಸಿಸಲಾಯಿತು. ಈ ಆರೋಪ ಸಲ್ಲದೆಂದು ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಲೂಕನು ಹೇಳುವಂತೆ, ಶಿಲುಬೆಯ ಮೇಲಿದ್ದಾಗಲೂ ತನ್ನನ್ನು ಕೊಲ್ಲುತ್ತಿದ್ದವರಿಗೆ ಕ್ಷಮೆ ಬೇಡಿದವನ ಮರಣವನ್ನು ದ್ವೇಷಕ್ಕೆ ನೆಪವಾಗಿಸುವುದು ಇತಿಹಾಸಕ್ಕೂ ಅವನ ಬೋಧನೆಗೂ ಎಸಗಿದ ಅಪಚಾರವೇ ಸರಿ.