ಪಂಡಿತಾ ರಮಾಬಾಯಿ ನಂಬಲು ಕಲಿತ ಬಗೆ

ದೇವರನ್ನು ಕುರಿತು ನಾವು ಕೇಳಿರುವುದು ಬಹಳ, ಓದಿರುವುದು ಬಹಳ, ಸಂಜೆಯ ಹರಟೆಗಳಲ್ಲಿ ವಾದಿಸಿರುವುದು ಇನ್ನೂ ಬಹಳ. ಆದರೆ ಕಷ್ಟದ ದಿನವೊಂದು ಬಂದು ಹೊಸ್ತಿಲ ಮೇಲೆ ನಿಂತಾಗ ಆ ತಿಳಿವಳಿಕೆಯಲ್ಲಿ ಎಷ್ಟು ಪಾಲು ನಮ್ಮ ಕೈ ಹಿಡಿದೀತು? ಒಬ್ಬರ ವಿಷಯವಾಗಿ ತಿಳಿದಿರುವುದಕ್ಕೂ ಅವರನ್ನೇ ಬಲ್ಲವರಾಗಿರುವುದಕ್ಕೂ ಇರುವ ಅಂತರವನ್ನು ಸಂಸಾರಿಗಳಾದ ನಾವೆಲ್ಲ ಅರಿತಿದ್ದೇವೆ. ಕ್ರೈಸ್ತ ಧರ್ಮದ ಹೃದಯದಲ್ಲಿರುವುದು ಈ ಎರಡನೆಯ ಬಗೆಯ ಅರಿವು. ದೇವರು ತಂದೆ, ಮನುಷ್ಯನು ಮಗು. ಮಗು ತಂದೆಯೊಡನೆ ಮಾತನಾಡುವಂತೆ ಮಾತನಾಡಬೇಕು, ಮಗು ನಂಬುವಂತೆ ನಂಬಬೇಕು ಎಂದು ಅದು ಹೇಳುತ್ತದೆ. ಹೇಳುವುದು ಸುಲಭ. ಅದನ್ನು ಬಾಳಿನಲ್ಲಿ ಕಲಿಯುವುದು ಎಷ್ಟು ದೀರ್ಘವಾದ ಹಾದಿ ಎಂಬುದಕ್ಕೆ ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿದ ಒಬ್ಬ ವಿದುಷಿಯ ಜೀವನವೇ ಸಾಕ್ಷಿ.

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ವಿರಳ. ಸ್ತ್ರೀ ಶಿಕ್ಷಣಕ್ಕಾಗಿ, ಬಾಲವಿಧವೆಯರಿಗಾಗಿ ಅವರು ಮಾಡಿದ ಕೆಲಸ ಇತಿಹಾಸಕ್ಕೆ ಸೇರಿದೆ. ಆದರೆ ಆ ಕೆಲಸದ ಹಿಂದೆ ನಡೆದ ಒಳಗಿನ ಪಯಣವನ್ನು ಬಲ್ಲವರು ಕಡಿಮೆ.

ಬೆತ್ತದ ಪೆಟ್ಟಿಗೆಯಲ್ಲಿ ಹೊರಟ ಯಾತ್ರೆ

ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಘನ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಹೊರಟು ಬಂಧುಬಳಗದ ಅಸಮಾಧಾನಕ್ಕೆ ಗುರಿಯಾದ ಅವರು ಕೊನೆಗೆ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ ತಿಂಗಳಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ ಕುಟುಂಬ ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ತಾಯಿ ಮಗುವನ್ನು ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿದಳು. ಆಳೊಬ್ಬನು ಅದನ್ನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಮುಂದೆ ವರ್ಷಗಟ್ಟಲೆ ಊರೂರು ಅಲೆದು, ದೇವಾಲಯಗಳಲ್ಲಿ ಪುರಾಣ ಓದಿ, ಅದರಿಂದ ಬಂದುದರಲ್ಲಿ ಜೀವನ ಸಾಗಿತು. ಬೆಳಗಿನ ಜಾವದಲ್ಲಿ ತಾಯಿ ನಿದ್ದೆಗಣ್ಣಿನ ಮಗಳನ್ನು ಮುದ್ದಿಸಿ ಎಬ್ಬಿಸಿ ಪಾಠ ಹೇಳುತ್ತಿದ್ದಳು. ಹದಿಹರೆಯಕ್ಕೆ ಬರುವಷ್ಟರಲ್ಲಿ ಭಾಗವತದ ಸಾವಿರಾರು ಶ್ಲೋಕಗಳು ಹುಡುಗಿಗೆ ಬಾಯಿಪಾಠವಾಗಿದ್ದವು.

1870ರ ದಶಕದ ಬರಗಾಲ ಈ ಕುಟುಂಬವನ್ನು ನುಂಗಿತು. ಇದ್ದ ಹಣವನ್ನೆಲ್ಲ ದಾನಧರ್ಮಕ್ಕೆ, ವ್ರತನೇಮಗಳಿಗೆ ಸುರಿದು ದೈವಾನುಗ್ರಹಕ್ಕಾಗಿ ಕಾದರು, ಅನ್ನ ಬರಲಿಲ್ಲ. ತಂದೆ ತೀರಿಕೊಂಡರು, ತಾಯಿ ತೀರಿಕೊಂಡಳು, ಅಕ್ಕನೂ ಹೋದಳು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಬರಿಗಾಲಿನಲ್ಲಿ ಉತ್ತರಕ್ಕೆ ನಡೆದರು. ಝೇಲಂ ನದಿಯ ದಡದಲ್ಲಿ ಒಂದು ರಾತ್ರಿ ಚಳಿ ತಡೆಯಲಾಗದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯೆಲ್ಲ ಹೂತುಕೊಂಡು ಮಲಗಿದರಂತೆ. ಹೀಗೆ ನಡೆನಡೆದು 1878ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿನ ವಿದ್ವಾಂಸರು ಆ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಬಿರುದು ಬಂತು, ನಂಬಿಕೆ ಹೋಗಿತ್ತು. ಇಷ್ಟು ಮಾಡಿದರೆ ಇಷ್ಟು ಫಲ ಎಂಬ ಲೆಕ್ಕದಲ್ಲಿ ದೇವರನ್ನು ಕಂಡಿದ್ದ ಮನೆತನಕ್ಕೆ ಲೆಕ್ಕ ತಪ್ಪಿದಾಗ ನಿಲ್ಲಲು ನೆಲವೇ ಇಲ್ಲದಂತಾಗಿತ್ತು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ರಮಾಬಾಯಿ ವರಿಸಿದರು. 1882ರಲ್ಲಿ ಅವರು ಕಾಲರಾಕ್ಕೆ ತುತ್ತಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವೈಧವ್ಯ, ತೋಳಿನಲ್ಲಿ ಮನೋರಮೆಯೆಂಬ ಹಸುಗೂಸು.

ದೀಕ್ಷೆಯಾಯಿತು, ನೆಮ್ಮದಿ ಬರಲಿಲ್ಲ

1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರು ಅವರಿಗೆ ಆಶ್ರಯವಿತ್ತರು. ದಾರಿತಪ್ಪಿದ ಹೆಂಗಸರಿಗಾಗಿ ಫುಲ್ಹಮಿನಲ್ಲಿ ನಡೆಸುತ್ತಿದ್ದ ಒಂದು ಮನೆಗೆ ಆ ಸೋದರಿಯರು ಅವರನ್ನು ಕರೆದೊಯ್ದರು. ಸಮಾಜವು ಮುಟ್ಟಲೊಲ್ಲದ ಸ್ತ್ರೀಯರನ್ನು ಅಲ್ಲಿ ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದರು. ಇದಕ್ಕೆ ಪ್ರೇರಣೆ ಯಾವುದೆಂದು ರಮಾಬಾಯಿ ಕೇಳಿದಾಗ, ಸೋದರಿಯೊಬ್ಬರು ಯೋಹಾನನ ಸುವಾರ್ತೆಯಿಂದ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಓದಿ ಹೇಳಿದರು. ಯಾಕೋಬನ ಬಾವಿಯ ಬಳಿ ದಣಿದು ಕುಳಿತ ಯೇಸು, ಕೀಳು ಕುಲದವಳೆಂದೂ ನಡತೆಗೆಟ್ಟವಳೆಂದೂ ಎಣಿಸಲ್ಪಟ್ಟ ಒಬ್ಬ ಹೆಂಗಸಿನ ಬಳಿ ಕುಡಿಯಲು ನೀರು ಕೇಳುತ್ತಾನೆ, ಅವಳೊಡನೆ ದೇವರ ವಿಷಯವಾಗಿ ಮಾತನಾಡುತ್ತಾನೆ. ಆ ಕಥೆ ರಮಾಬಾಯಿಯವರ ಮನಸ್ಸಿಗೆ ನಾಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಾಯಿಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಕಥೆ ಇಲ್ಲಿಗೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ತೊಡಕು ಮೊದಲಾದುದೇ ಇಲ್ಲಿಂದ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ರಮಾಬಾಯಿ, ತಮಗೆ ಒಪ್ಪಿಗೆಯಾಗದ ಯಾವ ಸಿದ್ಧಾಂತವನ್ನೂ ಗುರುಗಳ ದಾಕ್ಷಿಣ್ಯಕ್ಕಾಗಿ ಸ್ವೀಕರಿಸಲಿಲ್ಲ. ತ್ರಯೈಕ್ಯದ ವಿಷಯವಾಗಿ, ಕ್ರಿಸ್ತನ ದೈವತ್ವದ ವಿಷಯವಾಗಿ ಸೋದರಿ ಜೆರಾಲ್ಡೀನರೊಡನೆ ಪತ್ರಗಳಲ್ಲಿ ದೀರ್ಘ ವಾಗ್ವಾದ ನಡೆಯಿತು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಬಾರದೇಕೆ ಎಂದು ಅವರು ಕೇಳಿದರು. ಸಸ್ಯಾಹಾರವನ್ನು ಬಿಡಲಿಲ್ಲ. ಒಂದು ಪುರೋಹಿತ ವರ್ಗದ ನೊಗವನ್ನು ಕಳಚಿ ಬಂದ ತಾವು ಇನ್ನೊಂದಕ್ಕೆ ಹೆಗಲು ಕೊಡಲಾರೆವೆಂಬುದು ಅವರ ನಿಲುವಾಗಿತ್ತು. ಈ ಸ್ವಾತಂತ್ರ್ಯ ಮೆಚ್ಚತಕ್ಕದ್ದೇ. ಆದರೂ ವಾದದಲ್ಲಿ ಗೆದ್ದ ಮನಸ್ಸು ಏಕಾಂತದಲ್ಲಿ ಬರಿದಾಗಿಯೇ ಇತ್ತೆಂಬುದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. ಮೊದಲು ಕರ್ಮದ ಮೂಲಕ ದೇವರ ಬಳಿಗೆ ಹೋಗಲು ಯತ್ನಿಸಿದ್ದರು. ಈಗ ಬುದ್ಧಿಯ ಮೂಲಕ ಯತ್ನಿಸುತ್ತಿದ್ದರು. ಯೋಗ್ಯತೆಯನ್ನು ತಾವೇ ಸಂಪಾದಿಸಿಕೊಂಡು ಹೋಗಬೇಕೆಂಬ ಹಟ ಎರಡರಲ್ಲಿಯೂ ಒಂದೇ.

ಅಮೆರಿಕದ ಪ್ರವಾಸವನ್ನು ಮುಗಿಸಿ ಭಾರತಕ್ಕೆ ಮರಳಿದ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು, ಮರುವರ್ಷ ಅದು ಪುಣೆಗೆ ಹೋಯಿತು. 1891ರ ಸುಮಾರಿಗೆ ಅವರ ಕೈಗೆ ಒಂದು ಪುಸ್ತಕ ಬಂತು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಪಾದ್ರಿಯಾಗಿದ್ದ ವಿಲಿಯಂ ಹ್ಯಾಸ್ಲಂ ಎಂಬುವರು ವರ್ಷಗಟ್ಟಲೆ ಧರ್ಮೋಪದೇಶ ಮಾಡಿ, ತಾವು ಬೋಧಿಸುವ ದೇವರನ್ನು ತಾವೇ ಅರಿತಿಲ್ಲವೆಂದು ಕಂಡುಕೊಂಡ ಆತ್ಮಕಥೆ ಅದು. ರಮಾಬಾಯಿ ಅದರಲ್ಲಿ ತಮ್ಮ ಮುಖವನ್ನೇ ಕಂಡರು. ದೀಕ್ಷೆಯಾಗಿ ಎಂಟು ವರ್ಷಗಳಾಗಿದ್ದವು. ತಮಗೆ ದೊರೆತಿರುವುದು ಕ್ರಿಸ್ತನ ಧರ್ಮ, ಬೇಕಾಗಿರುವುದು ಕ್ರಿಸ್ತನು ಎಂಬುದು ಅವರಿಗೆ ಆಗ ಹೊಳೆಯಿತು. ತಾನು ಉತ್ತಮಳಾದ ಮೇಲೆ ದೇವರು ಸ್ವೀಕರಿಸುವನೆಂದು ಕಾಯಬೇಕಾಗಿಲ್ಲ. ಇದ್ದಂತೆಯೇ ಹೋದರೆ ಸಾಕು ಎಂದು ಅವರು ತಿಳಿದರು. ಆಟದ ನಡುವೆ ಬಿದ್ದು ಕೆಸರಾದ ಮಗು ಮೈ ತೊಳೆದುಕೊಂಡು ಬಂದ ಮೇಲೆಯೇ ತಾಯಿಯನ್ನು ಕರೆಯುತ್ತದೆಯೆ?

ನಂಬಿಕೆಯ ದಿನಚರಿ

ಸ್ನೇಹವು ಒಂದು ದಿನದ ಹೊಳಹಿನಿಂದ ಬೆಳೆಯುವುದಿಲ್ಲ; ದಿನದಿನದ ಒಡನಾಟದಿಂದ ಬೆಳೆಯುತ್ತದೆ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನು ಓದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಸದನದ ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಇದು ಮತಾಂತರದ ಹುನ್ನಾರವೆಂದು ಪುಣೆಯಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರನಡೆದರು. ಧಾರ್ಮಿಕವಾಗಿ ತಟಸ್ಥವಾಗಿರುವುದೆಂದು ಭರವಸೆಯಿತ್ತ ಸಂಸ್ಥೆಯಲ್ಲಿ ಹೀಗಾದುದಕ್ಕೆ ಅವರ ಆಕ್ಷೇಪವಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ರಮಾಬಾಯಿಯವರಿಗಾದರೋ, ತಮ್ಮ ಮನೆಯಲ್ಲಿ ತಾವು ಕದ್ದು ಪ್ರಾರ್ಥಿಸಬೇಕೆಂಬುದು ಒಪ್ಪಿಗೆಯಾಗಲಿಲ್ಲ.

ಇದೇ ಕಾಲದಲ್ಲಿ ಅವರು ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಿದರು. 1836ರಲ್ಲಿ ಬ್ರಿಸ್ಟಲಿನಲ್ಲಿ ಅನಾಥಾಲಯವನ್ನು ತೆರೆದ ಮುಲ್ಲರರು ಯಾರೊಬ್ಬರ ಮುಂದೆಯೂ ಹಣಕ್ಕಾಗಿ ಕೈಚಾಚದೆ, ಕೊರತೆಯನ್ನೆಲ್ಲ ಪ್ರಾರ್ಥನೆಯಲ್ಲಿ ದೇವರಿಗೆ ತಿಳಿಸಿ, ಸಾವಿರಾರು ಮಕ್ಕಳನ್ನು ಸಾಕಿದವರು. ತಮ್ಮ ದೇಶದಲ್ಲಿಯೂ ಹಾಗೆ ದೇವರನ್ನು ನೆಚ್ಚಲು ಸಾಧ್ಯವೇ ಎಂಬ ಪ್ರಶ್ನೆ ರಮಾಬಾಯಿಯವರ ಮನಸ್ಸಿನಲ್ಲಿ ಎದ್ದಿತು. ಉತ್ತರಕ್ಕೆ ಬಹಳ ಕಾಲ ಕಾಯಬೇಕಾಗಲಿಲ್ಲ. 1896–97ರಲ್ಲಿ ಮಧ್ಯ ಪ್ರಾಂತಗಳಲ್ಲಿ ಭೀಕರ ಕ್ಷಾಮ ಬಿದ್ದಿತು. ಹಸಿವೆಯೇನೆಂದು ಬಲ್ಲ ರಮಾಬಾಯಿ ಅಲ್ಲಿಗೆ ಹೋಗಿ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಅವರನ್ನು ಇರಿಸಿಕೊಳ್ಳಲು ಕಟ್ಟಡವಿರಲಿಲ್ಲ, ಮುಂದಿನ ತಿಂಗಳಿಗೆ ಇಷ್ಟೆಂದು ಗೊತ್ತಾದ ಹಣವಿರಲಿಲ್ಲ. ಪುಣೆಯಿಂದಾಚೆ ಕೇಡಗಾಂವದಲ್ಲಿ ಕೊಂಡಿದ್ದ ಜಮೀನಿನಲ್ಲಿ ಗುಡಿಸಲುಗಳೆದ್ದವು. ‘ಮುಕ್ತಿ’ ಸದನದ ಆರಂಭ ಹೀಗೆ. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿನ ನಿವಾಸಿಗಳ ಸಂಖ್ಯೆ 2,000ದ ಹತ್ತಿರಕ್ಕೆ ಏರಿತು.

ದೇವರನ್ನು ನಂಬಿದ್ದೇನೆಂದು ಅವರು ಕೈಕಟ್ಟಿ ಕುಳಿತವರಲ್ಲ. ಬಾವಿ ತೋಡಿಸಿದರು, ಹೊಲ ಉಳಿಸಿದರು, ಮಗ್ಗ ಹೂಡಿಸಿದರು, ಅಚ್ಚುಕೂಟವನ್ನು ನಡೆಸಿದರು. ಹುಡುಗಿಯರಿಗೆ ಅಕ್ಷರದೊಂದಿಗೆ ಕಸುಬನ್ನೂ ಕಲಿಸಿದರು. ಮಗಳು ಮನೋರಮೆಯ ನೆರವಿನಿಂದ ಗುಲ್ಬರ್ಗದಲ್ಲಿಯೂ, ಎಂದರೆ ಇಂದಿನ ಕಲಬುರಗಿಯಲ್ಲಿಯೂ, ಒಂದು ಶಾಲೆಯನ್ನು ತೆರೆದರು. ದಿನದ ದುಡಿಮೆಯನ್ನು ತಾನು ಮಾಡಿ, ನಾಳೆಯ ಚಿಂತೆಯನ್ನು ತಂದೆಗೆ ಬಿಡುವುದು ಅವರು ಕಂಡುಕೊಂಡ ರೀತಿ.

ಕೊಡದಿದ್ದಾಗ

ಕೇಳಿದುದೆಲ್ಲ ದೊರೆಯುವಾಗ ನಂಬುವುದು ದೊಡ್ಡ ಮಾತಲ್ಲ. ಪರೀಕ್ಷೆಯ ಮುಂಚೆ ಹರಕೆ ಹೊತ್ತು, ಫಲಿತಾಂಶ ಬಂದ ಮೇಲೆ ಮರೆಯುವ ನಮ್ಮ ಮನೆಗಳ ಭಕ್ತಿ ಯಾವ ಮತದವರಿಗೂ ಹೊಸದಲ್ಲ. ದೇವರು ಕೊಡದಿದ್ದಾಗ ಏನು? ಈ ಪ್ರಶ್ನೆಯನ್ನು ಕ್ರೈಸ್ತ ಗ್ರಂಥಗಳು ಮರೆಮಾಚುವುದಿಲ್ಲ. ಸತ್ಯವೇದದ 150 ಕೀರ್ತನೆಗಳಲ್ಲಿ ಅನೇಕವು ದೂರುಗಳೇ. ಏಕೆ ಮೌನವಾಗಿರುವೆ, ಎಷ್ಟು ಕಾಲ ಮರೆತಿರುವೆ ಎಂದು ಭಕ್ತನು ದೇವರೊಡನೆ ಜಗಳವಾಡುತ್ತಾನೆ. ಗೆತ್ಸೇಮನೆಯ ತೋಟದಲ್ಲಿ ಯೇಸು ತನ್ನ ಆಡುಮಾತಾದ ಅರಾಮಿಕ್ ಭಾಷೆಯಲ್ಲಿ ‘ಅಬ್ಬಾ’ ಎಂದು ತಂದೆಯನ್ನು ಕರೆದು, ಬರಲಿರುವ ಸಂಕಟ ತಪ್ಪಲೆಂದು ಬೇಡಿದನು. ಅದು ತಪ್ಪಲಿಲ್ಲ. ಬೇಡಿಕೆಯೊಂದಿಗೇ ತನ್ನ ಇಚ್ಛೆಯನ್ನು ಅವನು ತಂದೆಯ ಕೈಗೆ ಒಪ್ಪಿಸಿದ್ದನು. ಮುನಿಸು, ದೂರು, ಮೌನ ಇವುಗಳನ್ನು ತಾಳಿಕೊಳ್ಳುವುದೇ ಗಟ್ಟಿಯಾದ ಸಂಬಂಧದ ಗುರುತು. ದೇವರನ್ನು ಪತಿಯೆಂದು ಕರೆದ ಅಕ್ಕಮಹಾದೇವಿಯ, ಒಡೆಯನೆಂದು ಕರೆದು ನಿಷ್ಠುರವಾಡಿದ ನಮ್ಮ ದಾಸರ ನಾಡಿನವರಿಗೆ ಈ ಸಲಿಗೆ ಅಪರಿಚಿತವೇನಲ್ಲ.

ರಮಾಬಾಯಿಯವರಿಗೂ ಆ ದಿನ ಬಂತು. ತಮ್ಮ ಬಳಿಕ ಮುಕ್ತಿಯನ್ನು ನಡೆಸಲೆಂದು ಅವರು ನೆಚ್ಚಿದ್ದವಳು ಮನೋರಮೆ. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವಳು ತೀರಿಕೊಂಡಳು. ಬರಗಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡಾಗ ಇಂಥದೇ ಪೆಟ್ಟು ಅವರ ನಂಬಿಕೆಯನ್ನು ಬುಡಮೇಲು ಮಾಡಿತ್ತು. ಈ ಬಾರಿ ಹಾಗಾಗಲಿಲ್ಲ. ಕಿವಿ ಮಂದವಾಗಿದ್ದ, ದೇಹ ಬಳಲಿದ್ದ ಆ ತಾಯಿ ಕೈಯಲ್ಲಿದ್ದ ಕೆಲಸವನ್ನು ಕೆಳಗಿಡಲಿಲ್ಲ. ಅಂದು ಇದ್ದದ್ದು ಕೊಟ್ಟುಪಡೆಯುವ ಒಪ್ಪಂದ. ಅದು ಒಂದು ಸಾವಿಗೆ ಮುರಿಯಿತು. ಮೂವತ್ತು ವರ್ಷಗಳ ಒಡನಾಟ ಮುರಿಯಲಿಲ್ಲ.

ಆ ಕೆಲಸ ಯಾವುದೆಂದರೆ ಸತ್ಯವೇದದ ಮರಾಠಿ ಅನುವಾದ. ಅದಕ್ಕಾಗಿ ಅವರು ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಆಗ ಇದ್ದ ಅನುವಾದದ ಬಿಗಿಯಾದ ಮರಾಠಿ ಓದುಬರಹ ಬಲ್ಲವರಿಗೂ ಕಷ್ಟವಾಗುತ್ತಿತ್ತು. ಹಳ್ಳಿಯ ಹೆಂಗಸರಿಗಂತೂ ಎಟುಕುವಂತಿರಲಿಲ್ಲ. ಸಂಸ್ಕೃತದಲ್ಲಿ ಆಶುಕವಿತೆ ಹೇಳಬಲ್ಲ ಪಂಡಿತೆ ತಮ್ಮ ಅನುವಾದಕ್ಕೆ ಅಡುಗೆಮನೆಯ, ಬಾವಿಕಟ್ಟೆಯ ಮಾತುಗಳನ್ನು ಆರಿಸಿಕೊಂಡರು. ಕರಡು ತಿದ್ದುವ ಕೆಲಸ ಮುಗಿದ ಸ್ವಲ್ಪ ದಿನಗಳಲ್ಲೇ, 1922ರ ಏಪ್ರಿಲ್ 5ರಂದು, ಅವರು ಕಣ್ಣುಮುಚ್ಚಿದರು. ಕ್ಷಾಮದಿಂದ ಉಳಿದು ಬಂದ ಹೆಣ್ಣುಮಕ್ಕಳು ಮುಕ್ತಿಯ ಅಚ್ಚುಕೂಟದಲ್ಲಿ ಕಲಿತ ಕಸುಬಿನಿಂದಲೇ ಆ ಗ್ರಂಥ ಅಚ್ಚಾಯಿತು. ದೇವರೊಡನೆ ಮಾತನಾಡಲು ಅವರಿಗೆ ಇನ್ನೊಬ್ಬರ ಭಾಷೆಯನ್ನು ಎರವಲು ತರಬೇಕಾಗಿರಲಿಲ್ಲ.